ಅಮೆರಿಕದ ಮಾಜಿ ಸೈನಿಕರು ಮತ್ತು ಲಾಭೋದ್ದೇಶದ ಕಾಲೇಜುಗಳು

ಸೈನಿಕ ಸೇವೆಯಿಂದ ಬಿಡುಗಡೆ ಹೊಂದಿದವರ ಶಿಕ್ಷಣದ ವೆಚ್ಚವನ್ನು ಸರ್ಕಾರವೇ ಭರಿಸುವ ವ್ಯವಸ್ಥೆಯು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1944ರಲ್ಲಿ ಆರಂಭವಾಯಿತು. ಇದು ಜಿ.ಐ. ಬಿಲ್ ಎಂದೇ ಪ್ರಸಿದ್ಧವಾಗಿದೆ. ದ್ವಿತೀಯ ಮಹಾಯುದ್ಧದ ಸುಮಾರು 78 ಲಕ್ಷ ಯೋಧರು 1956ರವರೆಗೆ ಇದರ ಪ್ರಯೋಜನ ಪಡೆದರು. 2008ರಲ್ಲಿ ಅಂಗೀಕೃತವಾಗಿ 1 ಆಗಸ್ಟ್ 2009ರಿಂದ ಜಾರಿಗೆ ಬಂದ ಕಾಯಿದೆಯನ್ವಯ ಅರ್ಹರಿಗೆ ಸಾಮಾನ್ಯವಾಗಿ 36 ತಿಂಗಳ ಬೋಧನಾ ಶುಲ್ಕ, ವಸತಿ ಭತ್ಯೆ ಹಾಗೂ ಪುಸ್ತಕಗಳಿಗಾಗಿ ವರ್ಷಕ್ಕೆ 1,000 ಡಾಲರ್‌ವರೆಗೆ ನೆರವು ದೊರೆಯುತ್ತದೆ.

ಈ ಹಣದ ಗಣನೀಯ ಭಾಗವು ಷೇರುದಾರರಿಗೆ ಅಥವಾ ಮಾಲೀಕರಿಗೆ ಲಾಭ ಹಂಚುವ ಕಾಲೇಜುಗಳಿಗೆ ಸಂದಾಯವಾಗುತ್ತಾ ಬಂದಿದೆ.

ಕಾರಣಗಳು

ಸೇನೆಯಿಂದ ಹೊರಬರುವ ವ್ಯಕ್ತಿಗೆ ಹದಿನೆಂಟರ ವಿದ್ಯಾರ್ಥಿಯ ಅನುಕೂಲಗಳಿರುವುದಿಲ್ಲ. ಮಡದಿ ಮಕ್ಕಳ ಹೊಣೆಯಿರುತ್ತದೆ. ಹಗಲಿನಲ್ಲಿ ನೌಕರಿ ಇರುತ್ತದೆ. ಸಾರ್ವಜನಿಕ ಕಾಲೇಜಿನಲ್ಲಿ ಪ್ರವೇಶಕ್ಕೆ ಮುಂದಿನ ಅವಧಿಯವರೆಗೆ ಕಾಯಬೇಕಾಗುತ್ತದೆ. ಲಾಭೋದ್ದೇಶದ ಕಾಲೇಜುಗಳಾದರೋ ಕೆಲವೇ ವಾರಗಳಿಗೊಮ್ಮೆ ಹೊಸ ತರಗತಿ ಆರಂಭಿಸುತ್ತವೆ, ಸಂಜೆಯ ಹಾಗೂ ಆನ್‌ಲೈನ್ ಬೋಧನೆ ನೀಡುತ್ತವೆ, ಸೈನಿಕ ತರಬೇತಿಗೆ ಕ್ರೆಡಿಟ್ ಕೊಡುವುದಾಗಿ ತಿಳಿಸುತ್ತವೆ. ಸೈನಿಕರಿಗೆಂದೇ ನೇಮಿಸಿದ ಸಿಬ್ಬಂದಿಯು ಅರ್ಜಿ ನಮೂನೆಗಳನ್ನು ಭರ್ತಿ ಮಾಡಲು ನೆರವಾಗುತ್ತದೆ. ಸರ್ಕಾರಿ ಕಚೇರಿಗಳ ಕಾಗದಪತ್ರಗಳಿಂದ ಬೇಸತ್ತವರಿಗೆ ಇದು ಸಣ್ಣ ಆಕರ್ಷಣೆಯಲ್ಲವೆಂಬುದನ್ನು ಒಪ್ಪಲೇಬೇಕು. ಆದುದರಿಂದ ಇಂತಹ ಕಾಲೇಜು ಸೇರಿದವರೆಲ್ಲರೂ ಮೋಸಹೋದವರೆಂದು ಭಾವಿಸುವುದು ಸರಿಯಲ್ಲ.

ಆದರೆ ಕಾಲೇಜುಗಳು ಸೈನಿಕರನ್ನು ಅರಸಿ ಬಂದುದಕ್ಕೆ ಲೆಕ್ಕಪತ್ರದ ಕಾರಣವೂ ಇತ್ತು. 1998ರ ತಿದ್ದುಪಡಿಯ ಪ್ರಕಾರ ಲಾಭೋದ್ದೇಶದ ಕಾಲೇಜೊಂದು ತನ್ನ ಆದಾಯದ ಶೇ. 90ಕ್ಕಿಂತ ಹೆಚ್ಚು ಭಾಗವನ್ನು ಕೇಂದ್ರ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ನೆರವಿನಿಂದ ಪಡೆಯುವಂತಿರಲಿಲ್ಲ. ಉಳಿದ ಶೇ. 10 ಬೇರೆ ಮೂಲದಿಂದ ಬರಬೇಕಿತ್ತು. ಜಿ.ಐ. ಬಿಲ್ ಹಣವು ಸರ್ಕಾರದ್ದೇ ಆಗಿದ್ದರೂ ಅದನ್ನು ಈ ಹತ್ತರ ಬಾಬ್ತಿನಲ್ಲಿ ಎಣಿಸಲಾಗುತ್ತಿತ್ತು. ಅಂದರೆ ಮಾಜಿ ಸೈನಿಕನಿಂದ ಬಂದ ಪ್ರತಿ ಒಂದು ಡಾಲರ್, ಇತರ ವಿದ್ಯಾರ್ಥಿಗಳ ಹೆಸರಿನಲ್ಲಿ ಒಂಬತ್ತು ಡಾಲರ್ ಸರ್ಕಾರಿ ನೆರವು ಪಡೆಯಲು ದಾರಿ ಮಾಡಿಕೊಡುತ್ತಿತ್ತು. ಮಾರ್ಚ್ 2021ರ ಕಾಯಿದೆಯು ಈ ಲೋಪವನ್ನು ಸರಿಪಡಿಸಿತು. 1 ಜನವರಿ 2023ರಂದು ಅಥವಾ ಅನಂತರ ಆರಂಭವಾಗುವ ಹಣಕಾಸು ವರ್ಷಗಳಿಗೆ ಹೊಸ ನಿಯಮ ಅನ್ವಯಿಸುತ್ತದೆ.

ಜಾಹೀರಾತಿನ ಪಾತ್ರವನ್ನೂ ಗಮನಿಸಬೇಕು. ಸರ್ಕಾರಿ ತಾಣವೆಂದು ಭ್ರಮೆ ಹುಟ್ಟಿಸುವ ಹೆಸರಿನ ಜಾಲತಾಣವೊಂದರ ಮೂಲಕ ಸೈನಿಕರ ವಿವರ ಸಂಗ್ರಹಿಸಿ ಕಾಲೇಜುಗಳಿಗೆ ಒದಗಿಸುತ್ತಿದ್ದ ಕಂಪನಿಯು, ಜೂನ್ 2012ರಲ್ಲಿ 20 ರಾಜ್ಯಗಳೊಂದಿಗೆ ರಾಜಿ ಮಾಡಿಕೊಂಡು ಆ ತಾಣವನ್ನು ಮಾಜಿ ಸೈನಿಕರ ಇಲಾಖೆಗೆ ಬಿಟ್ಟುಕೊಟ್ಟಿತು.

ನಷ್ಟದ ಸ್ವರೂಪ

ಮೂವತ್ತಾರು ತಿಂಗಳ ಸೌಲಭ್ಯವು ಒಮ್ಮೆ ವ್ಯಯವಾದರೆ ಸಾಮಾನ್ಯವಾಗಿ ಮರಳಿ ದೊರೆಯುವುದಿಲ್ಲ. ಅಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಅನೇಕ ಸಾರ್ವಜನಿಕ ವಿಶ್ವವಿದ್ಯಾಲಯಗಳು ಮಾನ್ಯ ಮಾಡದಿರುವುದರಿಂದ ಅರ್ಧಕ್ಕೆ ಬಿಟ್ಟವರು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಏಪ್ರಿಲ್ 2015ರಲ್ಲಿ ಕೊರಿಂಥಿಯನ್ ಕಾಲೇಜುಗಳು ಉಳಿದ ಶಾಖೆಗಳನ್ನು ಮುಚ್ಚಿದಾಗ, ಸೆಪ್ಟೆಂಬರ್ 2016ರಲ್ಲಿ ಐ.ಟಿ.ಟಿ. ತಾಂತ್ರಿಕ ಸಂಸ್ಥೆಯು ಬಾಗಿಲು ಹಾಕಿದಾಗ, ವ್ಯಾಸಂಗ ನಿರತ ಮಾಜಿ ಸೈನಿಕರು ಪದವಿಯೂ ಇಲ್ಲದೆ, ವಸತಿ ಭತ್ಯೆಯೂ ನಿಂತು ತೊಂದರೆಗೊಳಗಾದರು. ಮುಚ್ಚಿದ ಕಾಲೇಜುಗಳಲ್ಲಿ ವ್ಯಯವಾದ ಅವಧಿಯನ್ನು ಷರತ್ತಿಗೊಳಪಟ್ಟು ಮರಳಿಸುವ ಕಾಯಿದೆ ಬಂದುದು 2017ರಲ್ಲಿ.

ಈ ಅನುಭವ ಹೊಸದೇನಲ್ಲ. 1944ರ ಕಾಯಿದೆಯ ಹಿಂದೆಯೇ ವೃತ್ತಿ ಶಾಲೆಗಳು ಅಣಬೆಗಳಂತೆ ಎದ್ದುದರಿಂದ, 1952ರ ಕಾಯಿದೆಯಲ್ಲಿ ಕಾಲೇಜು ಮಟ್ಟಕ್ಕಿಂತ ಕೆಳಗಿನ ಕೆಲವು ಕೋರ್ಸುಗಳಿಗೆ ಸರ್ಕಾರಿ ವೆಚ್ಚದ ಸೈನಿಕ ವಿದ್ಯಾರ್ಥಿಗಳು ಶೇ. 85ನ್ನು ಮೀರಬಾರದೆಂಬ ಮಿತಿ ವಿಧಿಸಲಾಗಿತ್ತು.

ಭಾರತದಲ್ಲಿನ ಸ್ಥಿತಿ

ಟಿ.ಎಂ.ಎ. ಪೈ ಪ್ರತಿಷ್ಠಾನ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ (2002) ಸರ್ವೋಚ್ಚ ನ್ಯಾಯಾಲಯವು ಖಾಸಗಿ ಶಿಕ್ಷಣ ಸಂಸ್ಥೆಗಳು ಅಭಿವೃದ್ಧಿಗಾಗಿ ನ್ಯಾಯೋಚಿತ ಮಿಗುತೆಯನ್ನು ಹೊಂದಬಹುದು, ಲಾಭಕೋರತನ ಸಲ್ಲದು ಎಂದು ತೀರ್ಪಿತ್ತಿದೆ. ಆದಾಗ್ಯೂ ಶುಲ್ಕ ಪಾವತಿಸುವ ಮುನ್ನ, ಸಂಸ್ಥೆಯು ನೀಡುವ ಪದವಿಯು ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆ, 1956ರ 22ನೇ ಪ್ರಕರಣಕ್ಕೆ ಅನುಗುಣವಾಗಿದೆಯೇ ಎಂಬುದನ್ನು ಮಾಜಿ ಸೈನಿಕರು ಹಾಗೂ ಅವರ ಅವಲಂಬಿತರು ಪರಿಶೀಲಿಸತಕ್ಕದ್ದು.