ಅಹ್ಮದ್ ಖಾನ್ ಊರಿನವರು

ಗಾರ್ಡನ್ ರೀಚ್ ಎಂಬ ಹೆಸರು ಕೇಳಿ ತೋಟ ಹುಡುಕಿಕೊಂಡು ಬಂದವರಿಗೆ ಇಲ್ಲಿ ಸಿಗುವುದು ಹಡಗುಕಟ್ಟೆ, ಕ್ರೇನು, ಗೋದಾಮು, ಲಾರಿಗಳ ಸಾಲು. ಒಂದು ಕಾಲಕ್ಕೆ ಹೂಗ್ಲಿ ನದಿಯ ಈ ತಿರುವಿನಲ್ಲಿ ಇಂಗ್ಲಿಷರ ತೋಟದ ಬಂಗಲೆಗಳಿದ್ದವಂತೆ. ಆ ಬಂಗಲೆಗಳು ಹೋದವು, ಹೆಸರು ಉಳಿಯಿತು. 1856ರಲ್ಲಿ ಅವಧ್ ರಾಜ್ಯ ಕಳೆದುಕೊಂಡ ನವಾಬ ವಾಜಿದ್ ಅಲಿ ಷಾ ಬಂದು ನೆಲೆಸಿದ್ದು ಇಲ್ಲಿಯ ಮಟಿಯಾಬುರ್ಜ್‌ನಲ್ಲಿ. 1887ರಲ್ಲಿ ಸಾಯುವವರೆಗೂ ಲಖನೌಗೆ ಮರಳಲಿಲ್ಲ, ಇಲ್ಲೇ ಒಂದು ಸಣ್ಣ ಲಖನೌ ಕಟ್ಟಿಕೊಂಡ. ಆಮೇಲೆ ಬಿಹಾರದಿಂದ ಹಡಗುಕಟ್ಟೆಯ ಕೂಲಿಗಳು ಬಂದರು. ಬೆಂಗಾಲ್ ನಾಗಪುರ ರೈಲ್ವೆ, ಅಂದರೆ ಬಿ.ಎನ್.ಆರ್., ಇಲ್ಲಿ ಮುಖ್ಯ ಕಚೇರಿ ಮಾಡಿದ ಮೇಲೆ ಆಂಧ್ರದ ಕಡೆಯ ರೈಲ್ವೆ ಸಂಸಾರಗಳು ಬಂದವು. ಒಟ್ಟಿನಲ್ಲಿ ಇದು ಬೇರೆ ಊರಿನವರ ಊರು. ರೈಲ್ವೆ ನೌಕರಿಯ ನೆಪದಲ್ಲಿ ಹಾಸನದ ಕಡೆಯವನಾದ ನಾನೂ ಆ ಪಟ್ಟಿಗೆ ಸೇರಿದೆ.

ಕಲ್ಕತ್ತಾದಲ್ಲಿ ಕನ್ನಡಿಗನಿಗೆ ಮೊದಲು ಸಿಗುವ ಬಿರುದು ‘ಮದ್ರಾಸಿ’. ವಿಂಧ್ಯದ ಕೆಳಗಿನವರೆಲ್ಲ ಅವರಿಗೆ ಮದ್ರಾಸಿಗಳೇ. ಮೈಸೂರು ಅಂದರೆ ರೇಷ್ಮೆ ಸೀರೆ ಮತ್ತು ಟಿಪ್ಪು. ಟಿಪ್ಪು ಅಂದರೆ ಧರ್ಮತಲಾದ ಮಸೀದಿ. ಆ ಮಸೀದಿಯೂ ಒಂದು ಪರಸ್ಥಳದ ಕತೆಯೇ. 1806ರ ವೆಲ್ಲೂರು ದಂಗೆಯ ನಂತರ ಟಿಪ್ಪುವಿನ ಮಕ್ಕಳನ್ನು ಕಲ್ಕತ್ತಾಕ್ಕೆ ಸಾಗಿಸಿದರು. ಅವರಲ್ಲಿ ಕಿರಿಯವನಾದ ಗುಲಾಮ್ ಮಹಮ್ಮದ್ 1842ರಲ್ಲಿ ತಂದೆಯ ನೆನಪಿಗೆ ಅದನ್ನು ಕಟ್ಟಿಸಿದ. ನೀವು ಕಲ್ಕತ್ತಾಕ್ಕೆ ಬಂದರೆ ನೋಡಿ, ಮಸೀದಿಯಿಂದ ನಾಲ್ಕು ಹೆಜ್ಜೆ ಆಚೆಗೆ ಮೈದಾನ. ಬಂಗಾಳದ ಫುಟ್‌ಬಾಲ್ ಬೆಳೆದದ್ದು ಅಲ್ಲಿ.

ನಮ್ಮ ಪಕ್ಕದ ಮನೆಯಲ್ಲಿ ಬಾರಿಸಾಲ್ ಜಿಲ್ಲೆಯಿಂದ ಬಂದ ಹಿರಿಯರೊಬ್ಬರಿದ್ದರು. ದೇಶ ಹೋಳಾದಾಗ ಎಲ್ಲ ಬಿಟ್ಟು ಬಂದವರು. ಎಲ್ಲರಂತೆ ನಾನೂ ಅವರನ್ನು ಕಾಕಾಬಾಬು ಅಂತಲೇ ಕರೆಯುತ್ತಿದ್ದೆ. ನನ್ನ ಊರು ಯಾವುದೆಂದು ಕೇಳಿದರು. ಹಾಸನ ಅಂದರೆ ತಿಳಿಯದು, ಅದಕ್ಕೆ ಬೆಂಗಳೂರಿನ ಹತ್ತಿರ ಅಂದೆ. ಅವರ ಮುಖ ಅರಳಿತು. “ಬೆಂಗಳೂರಾ! ಹಾಗಾದರೆ ನೀವು ನಮ್ಮ ಅಹ್ಮದ್ ಖಾನ್ ಊರಿನವರು!” ಅವತ್ತಿನಿಂದ ಆ ಮನೆಯಲ್ಲಿ ನಾನು ಮದ್ರಾಸಿ ಆಗಿರಲಿಲ್ಲ.

ಈ ‘ನಮ್ಮ’ ಎಂಬ ಮಾತನ್ನು ಸ್ವಲ್ಪ ಗಮನಿಸಿ. ಅಹ್ಮದ್ ಖಾನ್ ಹುಟ್ಟಿದ್ದು 1926ರಲ್ಲಿ, ಬೆಂಗಳೂರಿನಲ್ಲಿ. 1949ರಿಂದ ಹತ್ತು ವರ್ಷ ಆಡಿದ್ದು ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ. ಆ ಕ್ಲಬ್ಬು ಹುಟ್ಟಿದ್ದು 1920ರಲ್ಲಿ, ಪೂರ್ವ ಬಂಗಾಳದ ಕಡೆಯವರ ಅಭಿಮಾನಕ್ಕೆ. 1947ರ ನಂತರ ಅದು ಊರು ಕಳೆದುಕೊಂಡ ಲಕ್ಷಾಂತರ ಜನರ ಕ್ಲಬ್ಬಾಯಿತು. ಮನೆ ಹೋಗಿತ್ತು, ಗದ್ದೆ ಹೋಗಿತ್ತು, ಕೆರೆ ಹೋಗಿತ್ತು. ಊರಿನ ಹೆಸರು ಹೊತ್ತ ಕೆಂಪು-ಹಳದಿ ಅಂಗಿಯೊಂದು ಉಳಿದಿತ್ತು. ಆ ಅಂಗಿ ತೊಟ್ಟು ಮುಂದೆ ನಿಂತು ಗೋಲು ಹೊಡೆದವರು ಯಾರು? ಅಪ್ಪಾರಾವ್, ಸಾಲೇ, ಧನರಾಜ್, ಅಹ್ಮದ್ ಖಾನ್, ವೆಂಕಟೇಶ್. ಐವರೂ ದಕ್ಷಿಣದವರು, ಒಬ್ಬನೂ ಬಂಗಾಳಿಯಲ್ಲ! ಜನ ಇವರಿಗೆ ಪಂಚಪಾಂಡವರು ಅಂತ ಹೆಸರಿಟ್ಟರು. 1949, 1950 ಮತ್ತು 1951ರಲ್ಲಿ ಸತತವಾಗಿ ಮೂರು ಸಲ ಐ.ಎಫ್.ಎ. ಶೀಲ್ಡ್ ಈಸ್ಟ್ ಬೆಂಗಾಲಿಗೆ ಬಂತು. ನಿರಾಶ್ರಿತರ ಶಿಬಿರದಲ್ಲಿ ಗಂಜಿಗೆ ನಿಂತವನಿಗೂ ಸಂಜೆ ಹೊತ್ತು ಒಂದು ಗೆಲುವು. ಅದನ್ನು ಗೆದ್ದುಕೊಟ್ಟವರು ಅವನ ಭಾಷೆ ಬಾರದ, ತಮ್ಮ ಊರು ಬಿಟ್ಟು ಬಂದ ಐದು ಜನ. ನನಗೆ ಇದಕ್ಕಿಂತ ದೊಡ್ಡ ವಲಸೆಯ ಕತೆ ಗೊತ್ತಿಲ್ಲ.

ಬೆಂಗಳೂರಿಗೂ ಕಲ್ಕತ್ತಾಕ್ಕೂ ಈ ಚೆಂಡಿನ ನಂಟು ಇನ್ನೂ ಹಳೆಯದು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಆ ಪಂದ್ಯವನ್ನು ನಮ್ಮವರು 1-2ರಲ್ಲಿ ಸೋತರು, ಆದರೆ ಬರಿಗಾಲಲ್ಲಿ ಆಡಿದವರನ್ನು ಇಂಗ್ಲೆಂಡ್ ಬೆರಗಾಗಿ ನೋಡಿತು. ಅಹ್ಮದ್ ಖಾನ್‌ಗೆ ‘ಹಾವಾಡಿಗ’ ಎಂಬ ಹೆಸರು ಬಿತ್ತು. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಬಂತು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ಎದುರು 1-10ರ ಸೋಲು. ಆ ಒಂದೇ ಒಂದು ಗೋಲು ಅಹ್ಮದ್ ಖಾನ್ ಅವರದು.

ಕಾಕಾಬಾಬುಗೆ ಒಲಿಂಪಿಕ್ಸ್‌ಗಿಂತ ಹೆಚ್ಚು ನೆನಪಿದ್ದದ್ದು ಇನ್ನೊಂದು ಕಪ್ಪು. ಈಗ ಅದರ ಹೆಸರು ಹೇಳಿದರೆ ಕ್ರೀಡಾಪುಟ ಓದುವವರೂ ಯಾವುದು ಅಂತ ಕೇಳುತ್ತಾರೆ. ಕೊಲಂಬೊ ಕಪ್ ಅಂತ. ಏಷ್ಯಾದ ನಾಲ್ಕು ರಾಷ್ಟ್ರೀಯ ತಂಡಗಳು ಒಂದನ್ನೊಂದು ಕರೆದು ಆಡಿದ ಪಂದ್ಯಾವಳಿ: ಭಾರತ, ಪಾಕಿಸ್ತಾನ, ಸಿಲೋನ್, ಬರ್ಮಾ. ನಾಲ್ಕೂ ಬ್ರಿಟಿಷರಿಂದ ಆಗಷ್ಟೇ ಬಿಡಿಸಿಕೊಂಡ ದೇಶಗಳು. ನಾಕೌಟ್ ಇಲ್ಲ, ಪ್ರತಿಯೊಬ್ಬರೂ ಉಳಿದ ಮೂವರೊಡನೆ ಆಡಬೇಕು, ಹೆಚ್ಚು ಅಂಕ ಬಂದವರು ಗೆದ್ದಂತೆ. ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವರ್ಷ, ನಮ್ಮಲ್ಲಿ ಹಬ್ಬಕ್ಕೆ ಬೀಗರನ್ನು ಕರೆದ ಹಾಗೆ. 1952ರಲ್ಲಿ ಕೊಲಂಬೊ, 1953ರಲ್ಲಿ ರಂಗೂನ್, 1954ರಲ್ಲಿ ಕಲ್ಕತ್ತಾ, 1955ರಲ್ಲಿ ಢಾಕಾ.

ಕೊಲಂಬೊದಲ್ಲಿ ಭಾರತ ಮತ್ತು ಪಾಕಿಸ್ತಾನ ಫುಟ್‌ಬಾಲಿನಲ್ಲಿ ಮೊದಲ ಸಲ ಎದುರಾದವು. ಗೋಲಿಲ್ಲದೆ ಪಂದ್ಯ ಮುಗಿಯಿತು, ಕಪ್ಪನ್ನು ಇಬ್ಬರೂ ಹಂಚಿಕೊಂಡರು. ದೇಶ ಹಂಚಿಕೊಂಡು ಐದು ವರ್ಷವೂ ಆಗಿರಲಿಲ್ಲ ನೋಡಿ. ಮುಂದಿನ ಮೂರು ವರ್ಷ ಕಪ್ಪು ಭಾರತಕ್ಕೇ ಬಂತು. 1954ರ ಡಿಸೆಂಬರಿನಲ್ಲಿ ಕಲ್ಕತ್ತಾದಲ್ಲಿ ಪಾಕಿಸ್ತಾನವನ್ನು 3-1ರಿಂದ ಸೋಲಿಸಿದರು.

ಆ ಡಿಸೆಂಬರಿನ ಬಗ್ಗೆ ನಾನು ಕಾಕಾಬಾಬುವನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. “ಪಾಕಿಸ್ತಾನದ ತಂಡ ಬಂದಾಗ ಸಿಟ್ಟು ಬರಲಿಲ್ಲವೇ? ನಿಮ್ಮ ಮನೆ ಹೋದದ್ದು ಅಲ್ಲಿಗೇ ಅಲ್ಲವೇ?” ಅವರು ನಕ್ಕು, “ಮಸೂದ್ ಫಖ್ರಿ ಯಾವ ಕ್ಲಬ್ಬಿನವನು ಗೊತ್ತಾ? ನಮ್ಮದೇ!” ಅಂದರು. ನಿಜ. ಪಾಕಿಸ್ತಾನದ ರಾಷ್ಟ್ರೀಯ ತಂಡದ ಫಖ್ರಿ ಆ ವರ್ಷಗಳಲ್ಲಿ ಕಲ್ಕತ್ತಾದ ಲೀಗಿನಲ್ಲಿ ಆಡುತ್ತಿದ್ದದ್ದು ಈಸ್ಟ್ ಬೆಂಗಾಲಿಗೆ, ಬೆಂಗಳೂರಿನ ಅಹ್ಮದ್ ಖಾನ್ ಪಕ್ಕದಲ್ಲಿ. ಪಾಕಿಸ್ತಾನ ತಂಡದ ಮೊಯ್ದೀನ್ ಕುಟ್ಟಿ ಅಂತೂ ನಮ್ಮ ಪಕ್ಕದ ಮಲಬಾರಿನಲ್ಲಿ ಹುಟ್ಟಿದವರು. ವಾಯುಪಡೆಯ ಕೆಲಸದಲ್ಲಿ ಕರಾಚಿಯಲ್ಲಿದ್ದಾಗ ದೇಶ ಎರಡಾಯಿತು, ಅವರು ಆ ಕಡೆಯವರಾದರು. ಪಾಕಿಸ್ತಾನದ ಅಂಗಿ ತೊಟ್ಟ ಮಲಯಾಳಿಯ ಕತೆಯನ್ನು ಯಾವ ಪಾಳಯದ ಲೆಕ್ಕಕ್ಕೆ ಬರೆಯುತ್ತೀರಿ? ಬಂಗಾಳದ ನಿರಾಶ್ರಿತರು, ಬೆಂಗಳೂರಿನ ಹಾವಾಡಿಗ, ಲಾಗಾಯ್ತಿನಿಂದ ತಿರುಗಾಡಿಕೊಂಡೇ ಬಂದ ಚೆಂಡು. ಗಡಿ ಎಳೆದವರಿಗೆ ಇದ್ಯಾವುದೂ ಕಂಡಿರಲಿಲ್ಲ.

ಆದರೆ ಕಾಕಾಬಾಬು ಎಲ್ಲದಕ್ಕೂ ನಗುತ್ತಿರಲಿಲ್ಲ. 1955ರ ಢಾಕಾ ಪಂದ್ಯಾವಳಿಯ ಮಾತು ಬಂದರೆ ಸುಮ್ಮನಾಗಿಬಿಡುತ್ತಿದ್ದರು. ಭಾರತ ತಂಡ ಢಾಕಾಕ್ಕೆ ಹೋಯಿತು, ಪಾಕಿಸ್ತಾನವನ್ನು ಅವರ ನೆಲದಲ್ಲೇ 2-1ರಿಂದ ಗೆದ್ದಿತು. ಮುಂದೆ ದೊಡ್ಡ ಹೆಸರು ಮಾಡಿದ ಪಿ.ಕೆ. ಬ್ಯಾನರ್ಜಿ ಹದಿಹರೆಯದ ಹುಡುಗನಾಗಿ ಭಾರತಕ್ಕೆ ಮೊದಲ ಸಲ ಆಡಿದ್ದು ಅಲ್ಲಿಯೇ. ಎಲ್ಲ ಸರಿ. ಆದರೆ 1952ರ ಅಕ್ಟೋಬರಿನಿಂದಲೇ ಎರಡೂ ಬಂಗಾಳಗಳ ನಡುವೆ ಪಾಸ್‌ಪೋರ್ಟ್ ಬಂದಿತ್ತು. “ಆಟಗಾರರು ಹೋಗಿ ಬಂದರು. ನಾನು ಹುಟ್ಟಿದ ಊರಿಗೆ ಹೋಗಲು ನನಗೆ ವೀಸಾ ಬೇಕಾಗಿತ್ತು,” ಅಂದರು ಒಮ್ಮೆ. ಮತ್ತೆ ಆ ವಿಷಯ ಎತ್ತಲಿಲ್ಲ. ನಾನೂ ಕೆದಕಲಿಲ್ಲ. ನನಗೆ ಊರು ನೆನಪಾದರೆ ಹೌರಾದಲ್ಲಿ ಮದ್ರಾಸ್ ಮೇಲ್ ಹತ್ತಿದರಾಯಿತು. ಊರು ಬಿಟ್ಟವನಿಗೂ ಊರೇ ಬಿಟ್ಟುಹೋದವನಿಗೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಆ ಒಂದು ಮಾತಿನಿಂದ.

ಢಾಕಾದ ನಂತರ ಕೊಲಂಬೊ ಕಪ್ ನಡೆಯಲಿಲ್ಲ. 1956ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಏಷ್ಯನ್ ಕಪ್ ಶುರುವಾಯಿತು. 1957ರಲ್ಲಿ ಮಲಯಾ ಸ್ವತಂತ್ರವಾದಾಗ ಕ್ವಾಲಾಲಂಪುರದಲ್ಲಿ ಮೆರ್ಡೆಕಾ ಪಂದ್ಯಾವಳಿ ಹುಟ್ಟಿತು. ಏಷ್ಯಾದವರು ಏಷ್ಯಾದವರನ್ನು ಆಟಕ್ಕೆ ಕರೆಯುವ ಪದ್ಧತಿ ಅಲ್ಲಿ ಮುಂದುವರಿಯಿತು. 1959ರಲ್ಲೂ 1964ರಲ್ಲೂ ಭಾರತ ಅಲ್ಲಿ ಎರಡನೆಯ ಸ್ಥಾನ ಪಡೆಯಿತು. 2023ರಲ್ಲೂ ಅಲ್ಲಿಗೆ ಹೋಗಿ ಆಡಿ ಬಂದಿದೆ. ಹಳೆಯ ನಾಲ್ವರ ಕಪ್ಪಿನಲ್ಲಿ ಮಾತ್ರ ಹೆಸರುಗಳೂ ಉಳಿಯಲಿಲ್ಲ. ಸಿಲೋನ್ ಶ್ರೀಲಂಕಾ ಆಯಿತು, ಬರ್ಮಾ ಮ್ಯಾನ್ಮಾರ್ ಆಯಿತು, ರಂಗೂನ್ ಯಾಂಗೊನ್ ಆಯಿತು, 2001ರಲ್ಲಿ ಕಲ್ಕತ್ತಾ ಕೋಲ್ಕತ್ತಾ ಆಯಿತು. ಢಾಕಾ 1971ರಲ್ಲಿ ಪಾಕಿಸ್ತಾನದಿಂದಲೇ ಹೊರಬಿತ್ತು. ದೇಶಗಳ ಗಟ್ಟಿತನ ಇಷ್ಟೇ ಅಂತ ಆ ಕಪ್ಪು ಹೇಳುತ್ತದೆ.

ಬೆಂಗಳೂರಿನವರು ಒಂದೇ ಕ್ಲಬ್ಬಿಗೆ ಬಂದರು ಅಂದುಕೊಳ್ಳಬೇಡಿ. ಎದುರು ಪಾಳಯದ ಮೋಹನ್ ಬಗಾನ್‌ಗೂ ನಮ್ಮವರೊಬ್ಬರು ಆಡಿದರು, ಕೆಂಪಯ್ಯ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿ ನಾಲ್ಕನೆಯ ಸ್ಥಾನಕ್ಕೆ ಬಂದ ತಂಡದಲ್ಲೂ 1960ರ ರೋಮ್ ತಂಡದಲ್ಲೂ ಇದ್ದ ಹಾಫ್‌ಬ್ಯಾಕ್. ಮೋಹನ್ ಬಗಾನ್ ಗೆದ್ದ ದಿನ ಪೇಟೆಯಲ್ಲಿ ಸೀಗಡಿಯ ಬೆಲೆ ಏರುತ್ತದೆ, ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನಿನದು. ಎರಡನ್ನೂ ತಿನ್ನದ ನಾನು ಎರಡೂ ಮನೆಗಳಲ್ಲಿ ಮಿಷ್ಟಿ ದೊಯ್ ತಿಂದು ಬರುತ್ತಿದ್ದೆ. ಇವರ ಮನೆಯಲ್ಲಿ ಅಹ್ಮದ್ ಖಾನ್ ಊರಿನವನು, ಅವರ ಮನೆಯಲ್ಲಿ ಕೆಂಪಯ್ಯನ ಊರಿನವನು!

ರಜೆಯಲ್ಲಿ ಊರಿಗೆ ಬಂದಾಗ ಈ ಹೆಸರುಗಳನ್ನು ಹೇಳಿ ನೋಡುತ್ತಿದ್ದೆ. ಕ್ರಿಕೆಟ್ಟಿನಲ್ಲಿ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ಅಹ್ಮದ್ ಖಾನ್ ಅಂದರೆ, “ಯಾರು, ಸಿನಿಮಾದವರಾ?” ಅನ್ನುತ್ತಿದ್ದರು. ಒಬ್ಬರಂತೂ “ಅವರು ಕನ್ನಡದವರೇನ್ರೀ?” ಅಂತ ಕೇಳಿದರು. ಬಾರಿಸಾಲಿನ ಮುದುಕರು ಯಾವ ಭಾಷೆಯವನು, ಯಾವ ಮತದವನು ಅಂತ ಕೇಳದೆ ‘ನಮ್ಮವನು’ ಅಂದುಕೊಂಡ ಮನುಷ್ಯನಿಗೆ ಹುಟ್ಟಿದ ಊರಲ್ಲಿ ಇಂಥ ಪ್ರಶ್ನೆ! ಮೈಸೂರು ರಾಜ್ಯ 1946-47ರಲ್ಲಿ, 1952-53ರಲ್ಲಿ, 1967-68ರಲ್ಲಿ, ಮತ್ತೆ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆ ನಾಲ್ಕೂ ಸಲ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಕಲ್ಕತ್ತಾದವರಿಗೆ ಇದು ಮರೆತಿಲ್ಲ. ಗೆದ್ದ ನಮಗೆ ಮರೆತುಹೋಗಿದೆ, ಸೋತವರು ನೆನಪಿಟ್ಟುಕೊಂಡಿದ್ದಾರೆ.

ಅಹ್ಮದ್ ಖಾನ್ ಬೆಂಗಳೂರಿಗೇ ಮರಳಿ, 2017ರ ಆಗಸ್ಟ್‌ನಲ್ಲಿ, ತೊಂಬತ್ತು ತುಂಬಿದ ಮೇಲೆ ತೀರಿಕೊಂಡರು. ಕಾಕಾಬಾಬು ಅಷ್ಟರಲ್ಲಿ ಹೋಗಿಯಾಗಿತ್ತು. ಖಿದಿರ್‌ಪುರದಿಂದ ಮೈದಾನ ದಾಟಿಕೊಂಡು ಧರ್ಮತಲಾಕ್ಕೆ ನಮ್ಮನ್ನು ಒಯ್ಯುತ್ತಿದ್ದ ಟ್ರಾಮ್ ಕೂಡ ನಿಂತುಹೋಗಿದೆ. 2023ರ ಮಾರ್ಚ್‌ನಲ್ಲಿ ಐವತ್ತನಾಲ್ಕು ವರ್ಷಗಳ ನಂತರ ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್ ನಡೆದದ್ದು ಎಲ್ಲಿ ಗೊತ್ತೇ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಊರಿಂದ ದೂರ ದುಡಿಯಲು ಹೋದ ನಮ್ಮ ಹುಡುಗರು ಸ್ಟೇಡಿಯಮ್ಮಿನಲ್ಲಿ ಒಂದಿಷ್ಟು ಜನವಾದರೂ ಇದ್ದಿರಬೇಕು. ಪಕ್ಕದ ಕೋಣೆಯ ಮಲಯಾಳಿಯೋ ಪಾಕಿಸ್ತಾನಿಯೋ ಬಂಗಾಳಿಯೋ “ಎಲ್ಲಿಯವನು?” ಅಂತ ಕೇಳಿದರೆ, ಅವತ್ತೊಂದು ದಿನವಾದರೂ ಅವರು ಬರೀ ಊರಿನ ಹೆಸರು ಹೇಳಿ ಸುಮ್ಮನಾಗಿರಲಿಕ್ಕಿಲ್ಲ.