ಹೆಬ್ಬೆರಳಿನಿಂದ ಫೋನಿನೊಳಗಿನ ಕೀಲಿಯವರೆಗೆ

ಪಹಣಿ ಪತ್ರಿಕೆ ಕೈಬರಹದಲ್ಲಿದ್ದ ಕಾಲವನ್ನು ಗೋಕಾಕ, ಹುಕ್ಕೇರಿ ಕಡೆಯ ಹಿರಿಯ ರೈತರು ಬಲ್ಲರು. ರಾಜ್ಯದ ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿ ಆಗ ಈ ದಾಖಲೆಗಳಿದ್ದವು. ಒಂದು ಹೆಸರು ತಿದ್ದಲ್ಪಟ್ಟರೆ, ತಿದ್ದಿದವರು ಯಾರು, ಯಾವಾಗ ಎಂದು ಪತ್ತೆ ಹಚ್ಚುವುದು ಸುಲಭವಿರಲಿಲ್ಲ. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಸೇರಿಸಿತು. ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ದೊರೆಯತೊಡಗಿತು. ಮೂಡಲಗಿ ಆಗ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ; ಅಲ್ಲಿನವರೂ ಗೋಕಾಕಕ್ಕೇ ಬರಬೇಕಿತ್ತು.

ಈ ಯೋಜನೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ರೈತರ ಅಲೆದಾಟ ತಪ್ಪಿದ್ದನ್ನು ಹೇಳುತ್ತಾರೆ. ನನಗೆ ಅಷ್ಟೇ ಮುಖ್ಯವೆನಿಸುವುದು ಕೌಂಟರಿನ ಒಳಗಿದ್ದ ಒಂದು ಸಣ್ಣ ಸಾಧನ. ಗಣಕದ ಮುಂದೆ ಕೂರುವ ಸಿಬ್ಬಂದಿ ಹೆಬ್ಬೆರಳನ್ನು ಒತ್ತಿಯೇ ಒಳಹೋಗಬೇಕಿತ್ತು. ಅಲ್ಲಿಂದ ಮುಂದೆ ಮಾಡಿದ ಪ್ರತಿಯೊಂದು ಕೆಲಸವೂ ದಾಖಲಾಗುತ್ತಿತ್ತು. ಗುಪ್ತಪದವನ್ನು ಪಕ್ಕದ ಮೇಜಿನವರಿಗೆ ಪಿಸುಗುಟ್ಟಬಹುದು, ಹೆಬ್ಬೆರಳನ್ನು ಬಿಚ್ಚಿ ಕೊಡಲಾಗದು. 'ನಾನಲ್ಲ, ಬೇರೆ ಯಾರೋ ತಿದ್ದಿದ್ದಾರೆ' ಎನ್ನಲು ಆಸ್ಪದ ಕಡಿಮೆಯಾಯಿತು.

ಗುಪ್ತಪದದ ದೌರ್ಬಲ್ಯ ಹೊಸದೇನಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ಹಲವರು ಒಂದೇ ಗಣಕವನ್ನು ಹಂಚಿಕೊಳ್ಳಲು 1960ರ ದಶಕದ ಆರಂಭದಲ್ಲಿ ಅದನ್ನು ಬಳಕೆಗೆ ತಂದರು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ, ತನಗೆ ಹೆಚ್ಚು ಹೊತ್ತು ಗಣಕ ಸಿಗಲೆಂದು, ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿಕೊಂಡ! ಆದ್ದರಿಂದಲೇ ಎರಡನೆಯ ಹಂತ ಬೇಕಾಯಿತು. ನಾವು ತಿಳಿದಿರುವುದು, ನಮ್ಮ ಬಳಿ ಇರುವುದು, ನಮ್ಮ ದೇಹದ ಗುರುತು – ಈ ಮೂರರಲ್ಲಿ ಎರಡು ಬೇರೆ ಬೇರೆ ಬಗೆಗಳು ಸೇರಬೇಕು. ಒಂದರ ಮೇಲೊಂದು ಎರಡು ಗುಪ್ತಪದ ಕೇಳಿದರೆ ಅದು ಎರಡು ಬಗೆಯ ಪರೀಕ್ಷೆಯಾಗುವುದಿಲ್ಲ.

ನಮ್ಮಲ್ಲಿ ಭಾರತೀಯ ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ ಅಂತರ್ಜಾಲದ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು ಕಡ್ಡಾಯ ಮಾಡಿತು. ಕ್ರಮೇಣ ಅದು ಎಸ್ಸೆಮ್ಮೆಸ್‌ನಲ್ಲಿ ಬರುವ ಓಟಿಪಿಯಾಗಿ ಮನೆಮಾತಾಯಿತು. ಆದರೆ 'ಆರು ಅಂಕಿ ಬಂದಾವ ನೋಡ್ರಿ, ಲಗೂನ ಹೇಳ್ರಿ' ಎಂದು ಫೋನಿನಲ್ಲಿ ಅವಸರಪಡಿಸಿದವನಿಗೆ ಹೇಳಿಬಿಟ್ಟರೆ ಆ ಬೇಲಿ ಮುರಿದಂತೆಯೇ. ನಕಲಿ ಸಿಮ್ ಪಡೆದವನಿಗೂ ಆ ಸಂದೇಶ ತಲಪುತ್ತದೆ.

ಹಾಗಾದರೆ ಹೆಬ್ಬೆರಳೇ ಲೇಸೇ? 2023ರಲ್ಲಿ ಕರ್ನಾಟಕದಲ್ಲಿ ನೋಂದಾಯಿತ ಆಸ್ತಿಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಆ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು; ಓಟಿಪಿ ಬೇಕಿರಲಿಲ್ಲ. ಕದ್ದ ಗುಪ್ತಪದವನ್ನು ಬದಲಿಸಬಹುದು, ಬೆರಳನ್ನು ಬದಲಿಸುವುದು ಹೇಗೆ? ತಾಲ್ಲೂಕು ಕಚೇರಿಯಲ್ಲಿ ದಾಖಲೆಯನ್ನು ಕಾಪಾಡಿದ ಅದೇ ಹೆಬ್ಬೆರಳು ಇಲ್ಲಿ ದಾಖಲೆಯಿಂದಲೇ ಕಳುವಾಯಿತು.

ಹೊಸ ವಿಧಾನಗಳ ಹಿಂದಿನ ಗಣಿತ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2011ರಲ್ಲಿ ಪ್ರಕಟವಾದ ಟಿಓಟಿಪಿ ಎಂಬ ಮಾನಕವನ್ನು ಗಮನಿಸಿ. ಮೊದಲ ದಿನ ನಿಮ್ಮ ಫೋನು ಮತ್ತು ಸರ್ವರ್ ಒಂದು ರಹಸ್ಯ ಸಂಖ್ಯೆಯನ್ನು ಹಂಚಿಕೊಳ್ಳುತ್ತವೆ. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು 30ರಿಂದ ಭಾಗಿಸಿ, ಬಂದ ಪೂರ್ಣಾಂಕವನ್ನು ಆ ರಹಸ್ಯದೊಡನೆ ಏಕಮುಖ ಗಣಿತಕ್ರಿಯೆಗೆ ಒಳಪಡಿಸಿದರೆ ಸಾಮಾನ್ಯವಾಗಿ ಆರು ಅಂಕಿಗಳು ಬರುತ್ತವೆ. ಎರಡೂ ಕಡೆ ಒಂದೇ ಲೆಕ್ಕ, ಒಂದೇ ಉತ್ತರ. ಸಂದೇಶ ಬರಬೇಕಾದ ಅಗತ್ಯವೇ ಇಲ್ಲದ್ದರಿಂದ ಮೊಬೈಲ್ ಸಿಗ್ನಲ್ ಇಲ್ಲದ ಹೊಲದಲ್ಲೂ ಫೋನು ಅಂಕಿ ತೋರಿಸುತ್ತದೆ. ಗಡಿಯಾರ ಸರಿಯಿರಬೇಕು, ಅಷ್ಟೆ. ಆದರೂ ಈ ಅಂಕಿಗಳನ್ನು ನಕಲಿ ಜಾಲತಾಣದಲ್ಲಿ ನಾವೇ ಟೈಪು ಮಾಡುವ ಅಪಾಯ ಉಳಿಯುತ್ತದೆ.

2019ರ ಮಾರ್ಚ್‌ನಲ್ಲಿ ವೆಬ್‌ಆಥನ್ ಎಂಬ ಜಾಲಮಾನಕ ಅಂಗೀಕೃತವಾಯಿತು. 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಸಂಸ್ಥೆಗಳು ಅದನ್ನಾಧರಿಸಿದ 'ಪಾಸ್‌ಕೀ'ಗೆ ವಿಸ್ತೃತ ಬೆಂಬಲ ಘೋಷಿಸಿದವು. ಇದರಲ್ಲಿ ಜೋಡಿ ಕೀಲಿಗಳಿರುತ್ತವೆ. ಬಹಿರಂಗ ಕೀಲಿ ಸರ್ವರಿಗೆ ಹೋಗುತ್ತದೆ, ಖಾಸಗಿ ಕೀಲಿಯನ್ನು ಸರ್ವರಿಗೆ ಎಂದೂ ಕೊಡುವುದಿಲ್ಲ. ಸರ್ವರ್ ಪ್ರತಿ ಸಲವೂ ಒಂದು ಹೊಸ ಸವಾಲು ಕಳಿಸುತ್ತದೆ. ಫೋನು ಖಾಸಗಿ ಕೀಲಿಯಿಂದ ಅದಕ್ಕೆ ಸಹಿ ಹಾಕುತ್ತದೆ. ಕೀಲಿಯು ಜಾಲತಾಣದ ಹೆಸರಿಗೆ ಬೆಸೆದಿರುವುದರಿಂದ ನಕಲಿ ತಾಣಕ್ಕೆ ಸಹಿ ಸಿಗದು. ಇಲ್ಲಿಯೂ ಹೆಬ್ಬೆರಳು ಒತ್ತುತ್ತೇವೆ, ನಿಜ. ಆದರೆ ಅದರ ಕೆಲಸ ಫೋನಿನೊಳಗಿನ ಬೀಗ ತೆಗೆಯುವುದಷ್ಟೆ; ಬೆರಳಚ್ಚು ಜಾಲತಾಣಕ್ಕೆ ಹೋಗುವುದಿಲ್ಲ. ಈ ಒಂದು ವ್ಯತ್ಯಾಸವನ್ನು ತರಗತಿಯಲ್ಲಿ ಬಿಡಿಸಿ ಹೇಳಿದರೆ ಸಾಕು, ಉಳಿದದ್ದು ತಾನಾಗಿಯೇ ಅರ್ಥವಾಗುತ್ತದೆ.

ಬದಲಾಯಿಸುವಾಗ ಕ್ರಮ ತಪ್ಪಬಾರದು. ನಾನೊಮ್ಮೆ ಹಳೆಯ ಫೋನನ್ನು ಅಳಿಸಿ ತಮ್ಮನ ಮಗನಿಗೆ ಕೊಟ್ಟ ಮೇಲೆ, ಅಂಕಿ ತೋರಿಸುವ ತಂತ್ರಾಂಶವೂ ಅದರಲ್ಲೇ ಇತ್ತೆಂಬುದು ನೆನಪಾಯಿತು. ನನ್ನ ಖಾತೆಗೆ ನಾನೇ ಪರಕೀಯ! ಹೊಸ ಫೋನಿನಲ್ಲಿ ಹೊಸ ವಿಧಾನವನ್ನು ಸ್ಥಾಪಿಸಿ, ಒಮ್ಮೆ ಒಳಹೋಗಿ ಪರೀಕ್ಷಿಸಿದ ನಂತರವೇ ಹಳೆಯದನ್ನು ತೆಗೆಯಬೇಕು. ಖಾತೆ ಕೊಡುವ ಮರುಪ್ರವೇಶ ಸಂಕೇತಗಳನ್ನು ಕಾಗದದಲ್ಲಿ ಬರೆದು, ಪಹಣಿ, ಪಾಸ್‌ಬುಕ್ ಇಡುವ ಟ್ರಂಕಿನಲ್ಲೇ ಇಟ್ಟುಕೊಳ್ಳಬಹುದು. ಮನೆಮಂದಿಗೆಲ್ಲ ಒಂದೇ ಫೋನಿದ್ದರೆ, ಅದರ ಬೀಗ ತೆಗೆಯಲು ಯಾರ ಯಾರ ಬೆರಳು ನೋಂದಣಿಯಾಗಿದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಆ ಬೆರಳುಗಳಿಗೆಲ್ಲ ಪಾಸ್‌ಕೀ ಕೂಡ ತೆರೆದುಕೊಳ್ಳಬಹುದು.