30 ದಿನದಲ್ಲಿ ಫ್ರೆಂಚ್ ಕಲಿಯಬಹುದೇ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಕಲಿಯುವ ಸರಿಯಾದ ದಾರಿ ಯಾವುದು?

‘30 ದಿನದಲ್ಲಿ ಫ್ರೆಂಚ್ ಕಲಿಯಿರಿ, ಕೆನಡಾ ಪಿಆರ್ ಗ್ಯಾರಂಟಿ’, ‘ಮಲಗುವಾಗ ಈ ಆಡಿಯೋ ಹಾಕಿಕೊಳ್ಳಿ, ಬೆಳಗ್ಗೆ 50 ಪದ ಬಾಯಿಗೆ ಬರುತ್ತವೆ’, ‘30 ವರ್ಷ ದಾಟಿದರೆ ಹೊಸ ಭಾಷೆ ಹತ್ತುವುದಿಲ್ಲ’ - ಇಂಥ ಸಂದೇಶಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಇವನ್ನು ನಂಬಿ ಕೋರ್ಸಿಗೆ ದುಡ್ಡು ಕಟ್ಟುವವರಿದ್ದಾರೆ. ‘ನನ್ನಿಂದ ಆಗಲ್ಲ’ ಎಂದು ಶುರುವಿಗೂ ಮೊದಲೇ ಕೈಬಿಡುವವರೂ ಇದ್ದಾರೆ. ಇದರಲ್ಲಿ ಎಷ್ಟು ನಿಜವಿದೆ, ಫ್ರೆಂಚ್ ಕಲಿಯಲು ನಿಜಕ್ಕೂ ಏನು ಮಾಡಬೇಕು ಎಂದು ನೋಡೋಣ.

ಹೇಳಿಕೆ 1: 30 ದಿನ ಸಾಕು

ಇದು ಸುಳ್ಳು. ಭಾಷಾ ಸಾಮರ್ಥ್ಯವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಹಂತಗಳಲ್ಲಿ ಅಳೆಯುತ್ತಾರೆ. ಎ1 ಎಂದರೆ ಹೆಸರು, ಊರು ಹೇಳಿ, ಅಂಗಡಿಯಲ್ಲಿ ಬೇಕಾದ್ದನ್ನು ಕೇಳುವಷ್ಟು ಭಾಷೆ. ಬಿ2 ಎಂದರೆ ಓದು, ಕೆಲಸಗಳಲ್ಲಿ ಹೆಚ್ಚು ತಡವರಿಸದೆ ಮಾತಾಡುವಷ್ಟು. ಸಾಮಾನ್ಯ ಅಂದಾಜಿನ ಪ್ರಕಾರ ಎ1ಕ್ಕೆ 60ರಿಂದ 100 ಗಂಟೆ ಬೇಕು. ಬಿ2 ಮುಟ್ಟಲು ಮೊದಲಿನಿಂದ ಲೆಕ್ಕ ಹಾಕಿದರೆ ಸುಮಾರು 600 ಗಂಟೆ ಬೇಕು.

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಫ್ರೆಂಚ್ ಕಲಿಸಲು 600ರಿಂದ 750 ತರಗತಿ ಗಂಟೆಗಳನ್ನು ಲೆಕ್ಕ ಹಾಕುತ್ತದೆ. ಅವರಿಗೆ ಕಲಿಯುವುದೇ ಪೂರ್ತಿ ದಿನದ ಕೆಲಸ. ನೀವು ದಿನಕ್ಕೆ ಒಂದು ಗಂಟೆ ಓದಿದರೆ 600 ಗಂಟೆಗೆ ಸುಮಾರು 20 ತಿಂಗಳು ಬೇಕು. 30 ದಿನ ಶ್ರಮಪಟ್ಟರೆ ಎ1 ಹತ್ತಿರ ಬರಬಹುದು, ಅಷ್ಟೇ.

ಹೇಳಿಕೆ 2: ನಿದ್ದೆಯಲ್ಲಿ ಆಡಿಯೋ ಕೇಳಿದರೆ ಭಾಷೆ ಬರುತ್ತದೆ

ಇದೂ ಸುಳ್ಳು. 1950ರ ದಶಕದಲ್ಲೇ ಸೈಮನ್ ಮತ್ತು ಎಮನ್ಸ್ ಎಂಬ ಸಂಶೋಧಕರು ಮಲಗಿದವರಿಗೆ ಪ್ರಶ್ನೋತ್ತರಗಳನ್ನು ಕೇಳಿಸಿ, ಅವರ ಮೆದುಳಿನ ಅಲೆಗಳನ್ನೂ ದಾಖಲಿಸಿದರು. ನಿಜವಾಗಿ ನಿದ್ದೆಯಲ್ಲಿದ್ದಾಗ ಕೇಳಿಸಿದ್ದು ಎದ್ದ ಮೇಲೆ ನೆನಪಿರಲಿಲ್ಲ. ಆದರೆ ಎಚ್ಚರವಿದ್ದಾಗ ಕಲಿತದ್ದು ಮನಸ್ಸಿನಲ್ಲಿ ಗಟ್ಟಿಯಾಗಲು ಒಳ್ಳೆಯ ನಿದ್ದೆ ಬೇಕು. ಹಾಗಾಗಿ ರಾತ್ರಿ ಹತ್ತು ನಿಮಿಷ ಪದಗಳನ್ನು ನೆನಪಿಸಿಕೊಂಡು, ಇಯರ್‌ಫೋನ್ ತೆಗೆದಿಟ್ಟು ಮಲಗಿ.

ಹೇಳಿಕೆ 3: ವಯಸ್ಸಾದ ಮೇಲೆ ಭಾಷೆ ಬರುವುದಿಲ್ಲ

ಇದು ಅರ್ಧ ಸತ್ಯ. ಸುಮಾರು 6.7 ಲಕ್ಷ ಜನರ ಇಂಗ್ಲಿಷ್ ವ್ಯಾಕರಣವನ್ನು ಆನ್‌ಲೈನಿನಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ವ್ಯಾಕರಣವನ್ನು ಸಲೀಸಾಗಿ ಹೀರಿಕೊಳ್ಳುವ ಶಕ್ತಿ ಸುಮಾರು 17ರ ವಯಸ್ಸಿನವರೆಗೆ ಚೆನ್ನಾಗಿದ್ದು ಆಮೇಲೆ ಇಳಿಯುತ್ತದೆ. ಆದರೆ ಆ ಭಾಷೆಯಲ್ಲೇ ಹುಟ್ಟಿ ಬೆಳೆದವರಂತೆ ಮಾತಾಡುವುದು ಒಂದು, ಕೆಲಸಕ್ಕೆ ಸಾಕಾಗುವಷ್ಟು ಮಾತಾಡುವುದು ಇನ್ನೊಂದು. ಎರಡನೆಯದನ್ನು 40ರಲ್ಲೂ 60ರಲ್ಲೂ ಕಲಿಯಬಹುದು.

ಹಾಗಾದರೆ ಹೇಗೆ ಕಲಿಯಬೇಕು?

1. ಮತ್ತೆ ಮತ್ತೆ ಓದಬೇಡಿ, ನೆನಪಿಸಿಕೊಳ್ಳಿ. ಪುಸ್ತಕವನ್ನು ನಾಲ್ಕು ಸಲ ಓದಿದಾಗ ಎಲ್ಲ ಬಂದಂತೆ ಅನಿಸುತ್ತದೆ, ಪರೀಕ್ಷೆಯಲ್ಲಿ ಮಾತ್ರ ಕೈಕೊಡುತ್ತದೆ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಫಲಿತಾಂಶ ತಿರುವುಮುರುವಾಯಿತು: ಬರೆದವರಿಗೆ 56% ನೆನಪಿತ್ತು, ಓದಿದವರಿಗೆ 42%. ಆದ್ದರಿಂದ ಕನ್ನಡ ಅರ್ಥ ನೋಡಿ ಫ್ರೆಂಚ್ ಪದವನ್ನು ನೀವೇ ಹೇಳಿ, ಆಮೇಲೆ ಸರಿಯೋ ತಪ್ಪೋ ನೋಡಿ.

2. ಅಂತರ ಬಿಟ್ಟು ಪುನರಾವರ್ತಿಸಿ. ಕಲಿತದ್ದನ್ನು ಮೊದಲ ಒಂದೆರಡು ದಿನದಲ್ಲೇ ಬಹಳಷ್ಟು ಮರೆಯುತ್ತೇವೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಇವತ್ತು ಕಲಿತ ಪದವನ್ನು ನಾಳೆ, ಮೂರು ದಿನದ ಮೇಲೆ, ಒಂದು ವಾರದ ಮೇಲೆ, ಆಮೇಲೆ ಎರಡು ವಾರದ ಮೇಲೆ ಕೇಳಿಕೊಳ್ಳಿ. ತಪ್ಪಿದ ಪದವನ್ನು ಮತ್ತೆ ‘ನಾಳೆ’ಗೆ ಹಾಕಿ. ಭಾನುವಾರ ಒಂದೇ ದಿನ ಐದು ಗಂಟೆ ಕೂರುವುದಕ್ಕಿಂತ ದಿನಾ 45 ನಿಮಿಷ ಕೂರುವುದು ಹೆಚ್ಚು ಫಲ ಕೊಡುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ‘ಆಂಕಿಡ್ರಾಯ್ಡ್’ ಎಂಬ ಉಚಿತ ಆ್ಯಪ್ ಈ ಲೆಕ್ಕವನ್ನು ತಾನೇ ಇಡುತ್ತದೆ. ಇಲ್ಲದಿದ್ದರೆ ಹಳೆಯ ವಿಸಿಟಿಂಗ್ ಕಾರ್ಡ್‌ಗಳ ಹಿಂಬದಿಯಲ್ಲಿ ಬರೆದುಕೊಂಡರೂ ಸಾಕು.

3. ಪದವನ್ನು ಲಿಂಗದ ಜೊತೆಗೇ ಕಲಿಯಿರಿ. ಕನ್ನಡದಲ್ಲಿ ಅರ್ಥ ನೋಡಿದರೆ ಲಿಂಗ ಗೊತ್ತಾಗುತ್ತದೆ. ಫ್ರೆಂಚಿನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಇದಕ್ಕೆ ಅರ್ಥದಲ್ಲಿ ಕಾರಣ ಹುಡುಕಬೇಡಿ. ಮೇಜನ್ನು ಬರೀ ‘ತಾಬ್ಲ್’ ಎಂದು ಉರುಹೊಡೆಯದೆ ‘ಲಾ ತಾಬ್ಲ್’ ಎಂದೇ ಕಲಿಯಿರಿ, ಪುಸ್ತಕವನ್ನು ‘ಲ ಲೀವ್ರ್’ ಎಂದು.

4. ಕಣ್ಣಿಗಿಂತ ಮೊದಲು ಕಿವಿ. ಕನ್ನಡದಲ್ಲಿ ಬರೆದದ್ದನ್ನು ಬರೆದ ಹಾಗೇ ಓದುತ್ತೇವೆ. ಫ್ರೆಂಚಿನಲ್ಲಿ ಪದದ ಕೊನೆಯ ಅಕ್ಷರಗಳು ಹಲವು ಸಲ ಮೌನ. ‘ನಾನು ಮಾತಾಡುತ್ತೇನೆ’, ‘ನೀನು ಮಾತಾಡುತ್ತೀಯ’, ‘ಅವರು ಮಾತಾಡುತ್ತಾರೆ’ ಎನ್ನುವಾಗ ಕ್ರಿಯಾಪದದ ಸ್ಪೆಲಿಂಗ್ ಮೂರು ಥರ, ಉಚ್ಚಾರ ಮಾತ್ರ ಒಂದೇ: ‘ಪಾರ್ಲ್’. ಅದಕ್ಕೇ ಪ್ರತಿ ಹೊಸ ಪದವನ್ನೂ ಮೊದಲು ಕೇಳಿ, ಜೋರಾಗಿ ಹೇಳಿ, ಆಮೇಲೆ ಬರೆಯಿರಿ. ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಮೊದಲ ವಾರಕ್ಕೆ ಊರುಗೋಲು, ಆಮೇಲೆ ಅಡ್ಡಿ. ಇಲ್ಲಿ ನಾವು ಬರೆದಿರುವುದೂ ಅಂದಾಜು ಉಚ್ಚಾರವೇ.

ಕನ್ನಡಿಗರಿಗೆ ಯಾವುದು ಸುಲಭ, ಯಾವುದು ಕಷ್ಟ?

ಇಂಗ್ಲಿಷಿನವರು ಹೊಸದಾಗಿ ಕಲಿಯಬೇಕಾದ ಕೆಲವು ಸಂಗತಿಗಳು ನಮಗೆ ಮೊದಲೇ ಗೊತ್ತಿವೆ. ಫ್ರೆಂಚಿನ ‘ತ’ ನಮ್ಮ ‘ತ’ದಂತೆ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವುದು, ಇಂಗ್ಲಿಷಿನ ‘ಟ’ ಅಲ್ಲ. ‘ಪ’, ‘ಕ’ಗಳನ್ನೂ ನಮ್ಮ ಹಾಗೆ ಉಸಿರು ಚಿಮ್ಮಿಸದೆ ಹೇಳುತ್ತಾರೆ. ‘ನೀನು’, ‘ನೀವು’ ವ್ಯತ್ಯಾಸವೂ ಅಲ್ಲಿದೆ: ಆಪ್ತರಿಗೆ ‘ತು’, ಅಪರಿಚಿತರಿಗೆ ಮತ್ತು ಹಿರಿಯ ಅಧಿಕಾರಿಗಳಿಗೆ ‘ವೂ’. ಅಂಗಡಿಯವರಿಗೆ ಏಕವಚನ ಬಳಸಬಾರದೆಂದು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ.

ಕಷ್ಟವಾಗುವುದು ಮುಖ್ಯವಾಗಿ ಎರಡು ಕಡೆ. ಒಂದು, ಬಾಯಿಯಲ್ಲಿ ‘ಈ’ ಹೇಳುತ್ತಾ ತುಟಿಯನ್ನು ಮಾತ್ರ ‘ಊ’ ಹೇಳುವಂತೆ ದುಂಡಗೆ ಮಾಡಿದಾಗ ಬರುವ ಸ್ವರ. ಇದನ್ನು ‘ಊ’ ಎಂದೇ ಹೇಳಿದರೆ ಅರ್ಥ ಕೆಡುತ್ತದೆ: ಫ್ರೆಂಚಿನಲ್ಲಿ ‘ಮೇಲೆ’ ಮತ್ತು ‘ಕೆಳಗೆ’ ಎಂಬ ಪದಗಳ ನಡುವಿನ ವ್ಯತ್ಯಾಸ ಈ ಸ್ವರವೊಂದೇ. ಎರಡು, ಮೂಗಿನ ಸ್ವರಗಳು. ಕನ್ನಡದಲ್ಲಿ ಅನುಸ್ವಾರ ಬಂದರೆ ‘ನ್’ ಅಥವಾ ‘ಮ್’ ಕೇಳಿಸುತ್ತದೆ. ಫ್ರೆಂಚಿನಲ್ಲಿ ಸ್ವರವೇ ಮೂಗಿನಿಂದ ಬರುತ್ತದೆ, ವ್ಯಂಜನ ಕೇಳಿಸುವುದಿಲ್ಲ. ವೈನ್, ಗಾಳಿ, ‘ಅವರು ಹೋಗುತ್ತಾರೆ’ - ಈ ಮೂರು ಪದಗಳೂ ‘ವ’ಕಾರದಿಂದ ಶುರುವಾಗಿ ಮೂಗಿನ ಸ್ವರವೊಂದರಲ್ಲಿ ಮಾತ್ರ ಬೇರೆಯಾಗುತ್ತವೆ.

ಅಂಕಿಗಳಿಗೂ ತಯಾರಾಗಿರಿ. ಫ್ರಾನ್ಸಿನಲ್ಲಿ 70ಕ್ಕೆ ‘ಅರವತ್ತು-ಹತ್ತು’, 80ಕ್ಕೆ ‘ನಾಲ್ಕು ಇಪ್ಪತ್ತು’, 99ಕ್ಕೆ ‘ನಾಲ್ಕು ಇಪ್ಪತ್ತು ಹತ್ತೊಂಬತ್ತು’ ಎನ್ನುತ್ತಾರೆ. ಫೋನ್ ನಂಬರ್, ಬೆಲೆ ಕೇಳಿ ಬರೆದುಕೊಳ್ಳುವ ಅಭ್ಯಾಸ ದಿನಾ ಮಾಡಿ.

ಇಂಗ್ಲಿಷ್ ಸ್ಪೆಲಿಂಗ್ ನೋಡಿ ಅರ್ಥ ಊಹಿಸುವುದು ಹಲವು ಸಲ ನೆರವಾಗುತ್ತದೆ, ಕೆಲವು ಸಲ ಮೋಸ ಮಾಡುತ್ತದೆ. ಇಂಗ್ಲಿಷಿನಲ್ಲಿ ‘ಪೇನ್’ ಎಂದು ಓದುವ ನಾಲ್ಕು ಅಕ್ಷರ ಫ್ರೆಂಚಿನಲ್ಲಿ ಬ್ರೆಡ್. ‘ಕಾಯಿನ್’ ಎಂದು ಓದುವುದು ಮೂಲೆ. ‘ಲೈಬ್ರರಿ’ಯಂತೆ ಕಾಣುವ ಪದ ಪುಸ್ತಕದ ಅಂಗಡಿ.

ದಿನದ 45 ನಿಮಿಷ ಹೀಗಿರಲಿ

- 10 ನಿಮಿಷ: ಹಳೆಯ ಪದಗಳನ್ನು ನೆನಪಿಸಿಕೊಳ್ಳುವುದು, 8-10 ಹೊಸ ಪದ.
- 15 ನಿಮಿಷ: ಒಂದು ಪಾಠ, ಒಂದೇ ವ್ಯಾಕರಣ ಅಂಶ, ನಿಮ್ಮದೇ ಐದು ವಾಕ್ಯ.
- 10 ನಿಮಿಷ: ಆಲಿಸುವುದು. ಆರ್‌ಎಫ್‌ಐ ರೇಡಿಯೋದ ಸರಳ ಫ್ರೆಂಚ್ ವಾರ್ತೆ, ಟಿವಿ5 ಮೊಂದ್‌ನ ಕಲಿಕಾ ವಿಡಿಯೋಗಳು ಉಚಿತ. ಮೊದಲು ಬರಹ ನೋಡದೆ ಕೇಳಿ, ಆಮೇಲೆ ನೋಡುತ್ತಾ ಕೇಳಿ.
- 10 ನಿಮಿಷ: ಮಾತು. ಜೊತೆಗೆ ಯಾರೂ ಇಲ್ಲದಿದ್ದರೆ ಇವತ್ತು ಏನು ಮಾಡಿದಿರಿ ಎಂದು ಫೋನಿನಲ್ಲಿ ರೆಕಾರ್ಡ್ ಮಾಡಿ. ಒಂದು ತಿಂಗಳ ನಂತರ ಕೇಳಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ತಪ್ಪು ತಿದ್ದುವವರು ಬೇಕೇ ಬೇಕು. ವಾರಕ್ಕೊಮ್ಮೆಯಾದರೂ ಶಿಕ್ಷಕರ ಅಥವಾ ಫ್ರೆಂಚ್ ಬಲ್ಲವರ ಮುಂದೆ ಮಾತಾಡಿ.

ದುಡ್ಡು ಕಟ್ಟುವ ಮೊದಲು

ಯಾವ ಪರೀಕ್ಷೆ ಬೇಕು ಎಂದು ಮೊದಲು ತಿಳಿದುಕೊಳ್ಳಿ. ಡೆಲ್ಫ್ ಡಿಪ್ಲೊಮಾ ಜೀವನಪೂರ್ತಿ ಮಾನ್ಯ, ಫ್ರಾನ್ಸಿನಲ್ಲಿ ಓದಲು ಉಪಯೋಗಕ್ಕೆ ಬರುತ್ತದೆ. ಆದರೆ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಅದು ನಡೆಯುವುದಿಲ್ಲ. ಅಲ್ಲಿ ಫ್ರೆಂಚಿಗೆ ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಬೇಕು, ಅವುಗಳ ಫಲಿತಾಂಶಕ್ಕೆ ಎರಡೇ ವರ್ಷ ಮಾನ್ಯತೆ. ತೀರಾ ಬೇಗ ಬರೆದರೆ ಅರ್ಜಿ ಹಾಕುವಷ್ಟರಲ್ಲಿ ಅವಧಿ ಮುಗಿದು ಮತ್ತೆ ಶುಲ್ಕ ಕಟ್ಟಬೇಕಾದೀತು.

2023ರಿಂದ ಕೆನಡಾ ಫ್ರೆಂಚ್ ಬಲ್ಲವರಿಗಾಗಿ ಪ್ರತ್ಯೇಕ ಸುತ್ತುಗಳನ್ನು ನಡೆಸುತ್ತಿರುವುದು ನಿಜ. ಅದಕ್ಕೆ ಆಲಿಸುವುದು, ಓದುವುದು, ಬರೆಯುವುದು, ಮಾತಾಡುವುದು - ನಾಲ್ಕರಲ್ಲೂ ಎನ್‌ಸಿಎಲ್‌ಸಿ 7 ಬೇಕು. ಅದು ಸರಿಸುಮಾರು ಬಿ2. ಅಷ್ಟು ಬಂದರೂ ಉಳಿದ ಅರ್ಹತೆಗಳನ್ನು ನೋಡಿಯೇ ತೀರ್ಮಾನಿಸುತ್ತಾರೆ. ಹಾಗಾಗಿ ಯಾವ ಕೋಚಿಂಗ್ ಸಂಸ್ಥೆಯೂ ಪಿಆರ್ ಗ್ಯಾರಂಟಿ ಕೊಡಲು ಸಾಧ್ಯವಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಕೆನಡಾ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ನೀವೇ ನೋಡಿ.

ನಮ್ಮ ತೀರ್ಮಾನ

‘30 ದಿನದಲ್ಲಿ ಫ್ರೆಂಚ್, ಪಿಆರ್ ಗ್ಯಾರಂಟಿ’ ಎಂಬುದು ಸುಳ್ಳು. ನಿದ್ದೆಯಲ್ಲಿ ಕಲಿಯುವುದೂ ಸುಳ್ಳು. ವಯಸ್ಸು ಕಲಿಕೆಯನ್ನು ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ. ದಿನಾ ಸ್ವಲ್ಪ, ನೆನಪಿಸಿಕೊಂಡು, ಅಂತರ ಬಿಟ್ಟು, ಬಾಯಿಬಿಟ್ಟು ಕಲಿತರೆ ಒಂದೂವರೆ-ಎರಡು ವರ್ಷದಲ್ಲಿ ಫ್ರೆಂಚ್ ಕೈಗೆಟುಕುತ್ತದೆ. ಮುಂದಿನ ಸಲ ಅಂಥ ಫಾರ್ವರ್ಡ್ ಬಂದಾಗ, ಅದನ್ನು ಕಳಿಸಿದವರಿಗೆ ಈ ಲೇಖನ ಕಳಿಸಿ.